ಮುನ್ನೂರು ಹಿಡಿಸದ ಡಬ್ಬಿ

ನನ್ನ ಸೋದರಮಾವ ದುಡ್ಡಿನ ವಿಷಯದಲ್ಲಿ ಧಾರಾಳಿ, ಜಾಗದ ವಿಷಯದಲ್ಲಿ ಮಹಾ ಜಿಪುಣ. ಒಂದು ಹಾಳೆ ಕೈಗೆ ಸಿಕ್ಕರೆ ಅಂಚು ಬಿಡದೆ ಇರುವೆ ಸಾಲಿನಂಥ ಅಕ್ಷರದಲ್ಲಿ ತುಂಬಿಸಿ, ಹಿಂದಕ್ಕೆ ತಿರುಗಿಸಿ ಅಲ್ಲೂ ಬರೆಯುತ್ತಿದ್ದ. ಎಲ್ಲಿಗಾದರೂ ಹೊರಟರೆ ನಾಲ್ಕು ದಿನದ ಬಟ್ಟೆಯನ್ನು ಊಟದ ಡಬ್ಬಿಯ ಚೀಲದಲ್ಲಿ ತುರುಕಿ, ಟವೆಲ್ಲಿಗೂ ಜಾಗ ಮಾಡುತ್ತಿದ್ದ. ಅವನ ಬಾಡಿಗೆ ಕೋಣೆಯಲ್ಲಿ ಇದ್ದದ್ದು ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ಮಡಚಿಡುವ ಮೇಜು. ಮದುವೆಯಾಗಲಿಲ್ಲ. “ಹೆಂಡತೀನ ಮಡಚಿ ಗೋಡೆಗೆ ಒರಗಿಸೋಕೆ ಆಗಲ್ವಲ್ಲ, ಅದಕ್ಕೇ ಬೇಡ ಅಂದ” ಎಂದು ಅಮ್ಮ ಛೇಡಿಸುತ್ತಿದ್ದಳು. ಮಾವ ನಗುತ್ತಿದ್ದ.

ಈ ಗುಣ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು. ಒಂದು ದೊಡ್ಡ ಕಣ್ಣಿನ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಹಳೆಯ ಕಡತಗಳ ಕೋಣೆಯ ಪಕ್ಕ ಕಂಪ್ಯೂಟರ್ ವಿಭಾಗವಿತ್ತು. ವಿಭಾಗ ಎಂದರೆ ಬಹಳ ವರ್ಷ ಮಾವ ಒಬ್ಬನೇ. ಇಡೀ ಮಹಡಿಯಲ್ಲಿ ಎ.ಸಿ. ಇದ್ದದ್ದು ಅದೊಂದೇ ಕೋಣೆಗೆ, ಅದೂ ಯಂತ್ರದ ಸುಖಕ್ಕೆ. ಹಾಗಾಗಿ ಬೇಸಿಗೆಯಲ್ಲಿ ನರ್ಸುಗಳು ಏನಾದರೊಂದು ನೆಪ ಹೇಳಿಕೊಂಡು ಬಂದು ಐದು ನಿಮಿಷ ನಿಂತು ಹೋಗುತ್ತಿದ್ದರು. ಮಾವ ಪ್ರೋಗ್ರಾಮ್ ಬರೆಯಲು ಕಲಿತ ಕಾಲದಲ್ಲಿ ಕಂಪ್ಯೂಟರಿನ ಮೆಮೊರಿ ಅಷ್ಟಕ್ಕಷ್ಟೇ. ಒಂದೊಂದು ಬೈಟನ್ನೂ ಅಳೆದು ಸುರಿದು ಖರ್ಚು ಮಾಡಬೇಕಿತ್ತು. ಆಮೇಲೆ ಹೊಸ ಯಂತ್ರಗಳು ಬಂದವು, ಮೆಮೊರಿ ಬೇಕಾದಷ್ಟಾಯಿತು, ಮಾವನ ಕೈ ಮಾತ್ರ ಸಡಿಲವಾಗಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಜಿಪುಣಪ್ಪ ಎಂದೇ ಕರೆಯುತ್ತಿದ್ದರು. ಅವನೂ ಓಗೊಡುತ್ತಿದ್ದ.

ಅವನ ಜೀವಮಾನದ ಹೆಮ್ಮೆ ಎಂದರೆ ಪಟ್ಟಿ. ಅದೇನೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಸತ್ತವರು ದಾನ ಮಾಡಿದ ಕಣ್ಣುಗಳು ಆ ಆಸ್ಪತ್ರೆಗೆ ಬರುತ್ತವೆ, ತಿಂಗಳಿಗೆ ನಾಲ್ಕೋ ಐದೋ ಜೊತೆ. ಕಣ್ಣಿನ ಮುಂಭಾಗದಲ್ಲಿ ಗಾಜಿನಂಥ ಒಂದು ಪದರವಿದೆ, ಕಾರ್ನಿಯಾ ಎನ್ನುತ್ತಾರೆ. ಅದು ಬೆಳ್ಳಗಾಗಿ ದೃಷ್ಟಿ ಹೋದವರಿಗೆ ದಾನದ ಕಣ್ಣಿನ ಕಾರ್ನಿಯಾ ತೆಗೆದು ಕೂರಿಸಿದರೆ ಮತ್ತೆ ಕಾಣುತ್ತದೆ. ಕಣ್ಣು ಬರುವುದು ನಾಲ್ಕೈದು ಜೊತೆ, ಕಾಯುವವರು ನೂರಾರು. ಮಾವ ಬರುವ ಮುಂಚೆ ಯಾರ ಶಿಫಾರಸು ದೊಡ್ಡದೋ ಅವರಿಗೆ ಮೊದಲು. ಮಾವ ಅದನ್ನು ಯಂತ್ರಕ್ಕೆ ಒಪ್ಪಿಸಿದ. ವೈದ್ಯರ ಸಮಿತಿಯವರಿಂದ ಅಂಕ ಗೊತ್ತುಮಾಡಿಸಿದ. ಮಕ್ಕಳಿಗೆ ನೂರ ತೊಂಬತ್ತು. ಇನ್ನೊಂದು ಕಣ್ಣು ಚೆನ್ನಾಗಿರುವ ದೊಡ್ಡವರಿಗೆ ಎಂಬತ್ತು. ಇರುವುದೇ ಒಂದು ಕಣ್ಣು, ಅದೂ ಹೋಗುತ್ತಿದೆ ಎನ್ನುವವರಿಗೆ ಇನ್ನೂರು. ಕಾದ ಪ್ರತಿ ತಿಂಗಳಿಗೂ ಮೇಲೊಂದು ಅಂಕ. ಹೆಚ್ಚು ಅಂಕ ಬಂದವರು ಮೇಲೆ, ಕಡಿಮೆಯವರು ಕೆಳಗೆ.

ಪಟ್ಟಿಯಲ್ಲಿ ಹೆಸರೂ ಕಾಣದಂತೆ, ಅಂಕವೂ ಕಾಣದಂತೆ ಮಾವನೇ ಮಾಡಿದ್ದ. ಪ್ರತಿ ಸೋಮವಾರ ಮೇಲಿನ ಹತ್ತು ಜನರ ನೋಂದಣಿ ಸಂಖ್ಯೆ ಮಾತ್ರ ಒಂದು ಹಾಳೆಯಲ್ಲಿ ಅಚ್ಚಾಗಿ ಬರುತ್ತಿತ್ತು. “ಕಂಡ್ರೆ ತಾನೇ ಚೌಕಾಸಿ ಮಾಡೋದು? ಕಾಣದೇ ಇದ್ರೆ ಯಾರೂ ಬಾಲ ಬಿಚ್ಚಲ್ಲ” ಎನ್ನುತ್ತಿದ್ದ. ಒಬ್ಬ ದೊಡ್ಡ ಅಧಿಕಾರಿ ತನ್ನ ಮಾವನವರಿಗಾಗಿ ಮೂರನೇ ಮಹಡಿ ಹತ್ತಿ ಬಂದು, ಬೆವರೊರೆಸಿಕೊಂಡು, ಎ.ಸಿ. ಗಾಳಿ ಕುಡಿದು, ಬರಿಗೈಯಲ್ಲಿ ಇಳಿದುಹೋದ ಕಥೆಯನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಪ್ರತಿ ಸಲವೂ ಅಮ್ಮ ಹೊಸದಾಗಿ ಕೇಳುವಂತೆ ಕೇಳುತ್ತಿದ್ದಳು.

ಇನ್ನು ತಪ್ಪಿನ ಮಾತು. ಅದು ನಮಗೆ ತಿಳಿದದ್ದು ಎರಡೂವರೆ ವರ್ಷ ಕಳೆದ ಮೇಲೆ, ಆದರೆ ಓದುವವರನ್ನು ಅಷ್ಟು ದಿನ ಕತ್ತಲಲ್ಲಿಟ್ಟು ನನಗೇನೂ ಆಗಬೇಕಾದ್ದಿಲ್ಲ. ಪ್ರೋಗ್ರಾಮಿನ ತಲೆಭಾಗದಲ್ಲಿ, ಬದಲಾಗದ ಅಂಕಿಗಳಿಗೆ ಒಂದೊಂದು ಹೆಸರಿಟ್ಟು ಬರೆದಿಡುತ್ತಾರೆ. ಸ್ಥಿರಾಂಕ ಎನ್ನುತ್ತಾರೆ. ಹೆಸರಿಟ್ಟರೆ ಸಾಲದು, ಆ ಅಂಕಿಯನ್ನಿಡುವ ಡಬ್ಬಿ ಯಾವ ಅಳತೆಯದು ಎಂದೂ ಹೇಳಬೇಕು. ಎಲ್ಲಕ್ಕಿಂತ ಚಿಕ್ಕ ಡಬ್ಬಿಗೆ ಒಂದೇ ಬೈಟು ಜಾಗ ಸಾಕು, ಆದರೆ ಅದರಲ್ಲಿ ಇನ್ನೂರ ಐವತ್ತೈದಕ್ಕಿಂತ ದೊಡ್ಡ ಅಂಕಿ ಹಿಡಿಸುವುದಿಲ್ಲ. ಅದರ ಮುಂದಿನ ಅಳತೆಗೆ ಎರಡು ಬೈಟು ಬೇಕು, ಅದರಲ್ಲಿ ಅರವತ್ತೈದು ಸಾವಿರದವರೆಗೆ ಹಿಡಿಸುತ್ತದೆ. ಮಾವ ಯಾವುದನ್ನು ಆರಿಸಿದನೆಂದು ಹೇಳಬೇಕಾಗಿಲ್ಲ. ಅಂದಿಗೆ ಅದು ತಪ್ಪೂ ಅಲ್ಲ, ಇನ್ನೂರು ಆ ಡಬ್ಬಿಯಲ್ಲಿ ಆರಾಮಾಗಿ ಕೂತಿತ್ತು.

ಆಮೇಲೆ ಸಮಿತಿಯವರಿಗೆ ಒಂದು ತೊಡಕು ಕಂಡಿತು. ವರ್ಷ ಕಾದ ಮಕ್ಕಳು ತಿಂಗಳ ಅಂಕ ಕೂಡಿಸಿಕೊಂಡು ಒಂದೇ ಕಣ್ಣಿನವರನ್ನು ಹಿಂದೆ ಹಾಕುತ್ತಿದ್ದರು. ಮಕ್ಕಳಿಗೆ ಇನ್ನೊಂದು ಕಣ್ಣಾದರೂ ಇದೆ, ಇವರಿಗೆ ಅದೂ ಇಲ್ಲ, ಇವರು ಎಲ್ಲರಿಗಿಂತ ಮುಂದಿರಲಿ ಎಂದು ಇನ್ನೂರನ್ನು ಮುನ್ನೂರು ಮಾಡಲು ಚೀಟಿ ಕಳಿಸಿದರು. ಚೀಟಿ ಬಂದದ್ದು ಮಧ್ಯಾಹ್ನ ನಾಲ್ಕಕ್ಕೆ, ಚಹಾದ ಹೊತ್ತು. ಮಾವ ಆ ಸಾಲನ್ನು ಹುಡುಕಿ, ಎರಡನ್ನು ಅಳಿಸಿ ಮೂರು ಒತ್ತಿದ. ಅಂಕಿ ಬದಲಾಯಿತು, ಡಬ್ಬಿ ಅದೇ ಉಳಿಯಿತು. ಪ್ರೋಗ್ರಾಮ್ ಬರೆದ ಕಂಪ್ಯೂಟರ್ ಭಾಷೆಯೂ ಹಳೆಯದು. ಹಿಡಿಸದ್ದನ್ನು ಕೊಟ್ಟರೆ ಬೇಡ ಎನ್ನುವ ಬದಲು, ಕೊನೆ ಮುಟ್ಟಿದ ಸ್ಕೂಟರ್ ಮೀಟರು ಮತ್ತೆ ಸೊನ್ನೆಯಿಂದ ಶುರುಮಾಡುವ ಹಾಗೆ, ಇನ್ನೂರ ಐವತ್ತಾರು ಕಳೆದು ಮಿಕ್ಕದ್ದನ್ನು ಇಟ್ಟುಕೊಳ್ಳುತ್ತಿತ್ತು. ಮುನ್ನೂರು ಹೋಗಿ ನಲವತ್ತನಾಲ್ಕಾಯಿತು. ಹೀಗಾದಾಗ ಪರದೆಯ ಮೇಲೆ ಎಚ್ಚರಿಕೆಯ ಒಂದು ಸಾಲು ಬರುತ್ತದಂತೆ. ಆದರೆ ಕೆಲಸಕ್ಕೆ ಬಾರದ ನೂರೆಂಟು ಎಚ್ಚರಿಕೆಗಳು ಸುಮ್ಮನೆ ಪರದೆಯ ಜಾಗ ತಿನ್ನುತ್ತವೆಂದು ಮಾವ ಯಾವತ್ತೋ ಅವುಗಳ ಬಾಯಿ ಮುಚ್ಚಿಸಿದ್ದ. ಕೆಲಸ ಮುಗಿಸಿ ಅವನು ಚಹಾ ಕುಡಿಯಲು ಹೋದ.

ಎಲ್ಲರಿಗಿಂತ ಮೇಲಿರಬೇಕಾದವರು ಹೀಗೆ ಎಲ್ಲರಿಗಿಂತ ಕೆಳಗೆ ಬಿದ್ದರು. ಅದಾಗಿ ಮೂರು ತಿಂಗಳಿಗೆ ನನ್ನ ಅಮ್ಮ ಅದೇ ಪಟ್ಟಿಗೆ ಸೇರಿದಳು.

ಅಮ್ಮನ ಎಡಗಣ್ಣು ಏಳನೇ ವಯಸ್ಸಿನಲ್ಲೇ ದಡಾರ ಬಂದು ಹೋಗಿತ್ತು. ಬಲಗಣ್ಣೊಂದನ್ನೇ ನೆಚ್ಚಿಕೊಂಡು ಅವಳು ಟೈಲರಿಂಗ್ ಕಲಿತಳು, ಮದುವೆಯಾದಳು, ನಾನು ಹುಟ್ಟಿದ ವರ್ಷವೇ ಗಂಡನನ್ನು ಕಳೆದುಕೊಂಡಳು, ನನ್ನನ್ನೂ ತನಗಿಂತ ಹದಿನಾಲ್ಕು ವರ್ಷ ಚಿಕ್ಕವನಾದ ತಮ್ಮನನ್ನೂ ಸಾಕಿ ದಡ ಮುಟ್ಟಿಸಿದಳು. ಬೀದಿಗೆ ತೆರೆದ ನಮ್ಮ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಬೆಳಕು ಸೂಜಿಯ ಮೇಲೆ ಬೀಳುವಂತೆ ಹೊಲಿಗೆ ಯಂತ್ರ, ಅದರ ಪಕ್ಕ ಬಟ್ಟೆ ಕತ್ತರಿಸುವ ಹಲಗೆ, ಬಂದವರು ಕೂರಲು ಒಂದು ಬೆಂಚು. ಶಾಲೆಯ ಯೂನಿಫಾರ್ಮು, ವಕೀಲರ ಕೋಟು, ಪರದೆ, ದಿಂಬಿನ ಕವರು, ಏನು ಬಂದರೂ ಹೊಲಿಯುತ್ತಿದ್ದಳು. ಗುಂಡಿಯ ಕಾಜಾಗಳನ್ನು ಮಾತ್ರ ಯಂತ್ರಕ್ಕೆ ಕೊಡದೆ ಕೈಯಲ್ಲೇ ಹಾಕುತ್ತಿದ್ದಳು. ಅವಳ ಕಾಜಾ ಬಿಚ್ಚಿಹೋಯಿತು ಎಂದು ಹೇಳಿದವರನ್ನು ನಾನು ನೋಡಿಲ್ಲ.

ಆ ವರ್ಷ ಬಲಗಣ್ಣಿಗೆ ಹುಣ್ಣಾಯಿತು. ಹುಣ್ಣು ವಾಸಿಯಾಯಿತು, ಆದರೆ ಅದರ ಜಾಗದಲ್ಲಿ ಬಿಳಿಯ ಕಲೆ ಉಳಿದು ದಿನದಿಂದ ದಿನಕ್ಕೆ ಹರಡಿತು. ಕಾರ್ನಿಯಾ ಬದಲಾಯಿಸಿದರೆ ಮತ್ತೆ ಮೊದಲಿನಂತಾಗುತ್ತದೆ ಎಂದು ಡಾಕ್ಟರು ನೋಂದಣಿ ಮಾಡಿಸಿದರು. ಅಮ್ಮ ಒಂದಿಷ್ಟೂ ಹೆದರಲಿಲ್ಲ. “ನನ್ನ ತಮ್ಮ ಮಾಡಿರೋ ಪಟ್ಟಿ. ಅನ್ಯಾಯ ಆಗೋ ಮಾತೇ ಇಲ್ಲ” ಎಂದು ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳಿದಳು. ಒಂದೇ ಕಣ್ಣಿನವರಿಗೆ ಎರಡು ತಿಂಗಳೊಳಗೆ ಕರೆ ಬರುತ್ತದೆಂದು ಮಾವನೂ ಹೇಳಿದ್ದ. ಎರಡು ತಿಂಗಳು ಕಳೆಯಿತು, ಆರು ಕಳೆಯಿತು.

ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಬೆಳಿಗ್ಗೆ ಹೊರಡುವ ಮುನ್ನ ಹತ್ತು ಸೂಜಿಗಳಿಗೆ ದಾರ ಪೋಣಿಸಿ ಸಾಲಾಗಿ ಚುಚ್ಚಿಟ್ಟು ಹೋಗುತ್ತಿದ್ದೆ. ಮೊದಮೊದಲು ಸಂಜೆ ಬರುವಷ್ಟರಲ್ಲಿ ಹತ್ತೂ ಖಾಲಿಯಾಗಿರುತ್ತಿದ್ದವು. ವರ್ಷವಾಗುವಷ್ಟರಲ್ಲಿ ಏಳು ಹಾಗೇ ಉಳಿಯುತ್ತಿದ್ದವು. ಅಮ್ಮ ಕೋಟುಗಳನ್ನು ವಾಪಸು ಕಳಿಸಿದಳು, ಆಮೇಲೆ ಯೂನಿಫಾರ್ಮು, ಕೊನೆಗೆ ನೇರ ಹೊಲಿಗೆಯ ದಿಂಬಿನ ಕವರಷ್ಟೇ ಉಳಿಯಿತು. ಬೆರಳಿಗೆ ಸೂಜಿ ಚುಚ್ಚಿಸಿಕೊಂಡ ದಿನ ಬಟ್ಟೆಗೆ ರಕ್ತ ತಾಗಿದ್ದು ಅವಳಿಗೆ ಕಾಣಲಿಲ್ಲ. ಬಂದವರು ತೋರಿಸಿದರು. ಅವತ್ತು ಅವಳು ಸರಿಯಾಗಿ ಊಟ ಮಾಡಲಿಲ್ಲ.

ಮಾವ ಪ್ರತಿ ಭಾನುವಾರ ಮಧ್ಯಾಹ್ನ ಊಟಕ್ಕೆ ಬರುತ್ತಿದ್ದ. ಕೈ ತೊಳೆದು ಕೂರುವ ಮೊದಲೇ ಅಮ್ಮ ಕೇಳುತ್ತಿದ್ದಳು.

“ಏನಾಯ್ತು ಮರಿ, ನನ್ನ ನಂಬರ್ ಎಲ್ಲಿಗೆ ಬಂತು?”

“ಬರುತ್ತೆ ಅಕ್ಕಾ.”

“ಬರುತ್ತೆ ಅಂತ ಗೊತ್ತು. ಎಲ್ಲಿಗೆ ಬಂದಿದೆ ಅಂತ ಒಂದು ಸಲ ನೋಡು ಅಂದೆ. ಮೇಲೆ ಹಾಕು ಅಂದ್ನಾ? ನೋಡು ಅಂದೆ ಅಷ್ಟೇ.”

“ನಾನೇ ನನ್ನಕ್ಕನ ನಂಬರ್ ತೆಗೆದು ನೋಡಿದ್ರೆ ನಾಳೆ ಇನ್ನೊಬ್ಬ ಬಂದು ಕೇಳ್ತಾನೆ. ಅವನಿಗೆ ಯಾವ ಬಾಯಲ್ಲಿ ಇಲ್ಲ ಅನ್ನಲಿ? ಇವತ್ತು ನೋಡೋದು, ನಾಳೆ ತಿದ್ದೋದು. ಶುರು ಆಗೋದು ಹೀಗೇ ಅಲ್ವಾ?”

“ಕಾಯೋದಕ್ಕೆ ನನಗೇನೂ ಇಲ್ಲಪ್ಪ. ಎಷ್ಟು ದಿನ ಅಂತ ಗೊತ್ತಾಗಿದ್ರೆ ಮನಸ್ಸಿಗೆ ಒಂದು ಸಮಾಧಾನ.”

“ಯಂತ್ರ ಸುಳ್ಳು ಹೇಳಲ್ಲ ಅಕ್ಕಾ. ನಿನಗೆ ಬರಬೇಕಾದ ಹೊತ್ತಿಗೆ ಬಂದೇ ಬರುತ್ತೆ.”

ಈ ಮಾತು ಸುಮಾರು ಹೀಗೆಯೇ ತಿಂಗಳಿಗೊಮ್ಮೆಯಾದರೂ ನಡೆಯುತ್ತಿತ್ತು. ಅಮ್ಮ ತಮ್ಮನ ತಟ್ಟೆ ತಡವಿ ನೋಡಿ ಇನ್ನಷ್ಟು ಬಡಿಸುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ಒಂದು ಸಲ ಬಾಗಿಲವರೆಗೆ ಹೋಗಿ ಅವನನ್ನು ತಡೆದು ನಿಲ್ಲಿಸಿದೆ.

“ಮಾವ, ಅವಳಿಗೆ ಗಡಿಯಾರ ಕಾಣ್ತಿಲ್ಲ ಈಗ. ಗೊತ್ತಾ ನಿನಗೆ?”

“ಗೊತ್ತು ಕಣೇ.”

“ನಿನ್ನ ಪ್ರಾಮಾಣಿಕತೆ ಅಷ್ಟು ನಾಜೂಕಾ? ಒಂದು ಸಲ ನೋಡಿದ್ರೆ ಕರಗಿ ಹೋಗುತ್ತಾ?”

ಅವನ ಮುಖ ಕೆಂಪಾಯಿತು. “ಅವಳು ನನ್ನನ್ನ ಬೆಳೆಸಿದ್ದೇ ಹೀಗೆ” ಎಂದು ಚಪ್ಪಲಿ ಹಾಕಿಕೊಂಡು ಹೊರಟುಹೋದ.

ಅವನೊಬ್ಬನ ಮೇಲೆ ಹೊರೆ ಹೊರಿಸಿ ಕೈ ತೊಳೆದುಕೊಳ್ಳುವ ಹಕ್ಕು ನನಗಿಲ್ಲ. ಒಂದು ದಿನ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋಗಿದ್ದೆ. ಕಾರ್ನಿಯಾ ವಿಭಾಗದ ಡಾಕ್ಟರ ಬಾಗಿಲ ಮುಂದೆ ಇಪ್ಪತ್ತು ನಿಮಿಷ ನಿಂತಿದ್ದೆ. ಒಳಗೆ ಹೋಗಿ ಇಷ್ಟು ದಿನವಾದರೂ ನಮ್ಮಮ್ಮನಿಗೆ ಯಾಕೆ ಕರೆ ಬಂದಿಲ್ಲ ಎಂದು ಕೇಳಿದರೆ ಸಾಕಿತ್ತು. ಜಿಪುಣಪ್ಪನ ಅಕ್ಕನ ಮಗಳು ಶಿಫಾರಸಿಗೆ ಬಂದಳು ಎಂದು ಯಾರಾದರೂ ಅಂದರೆ ಮಾವನ ಮುಖಕ್ಕೆ ಮಸಿ ಎಂದು ಹಿಂದಿರುಗಿ ಬಂದೆ. ಆಗ ಒಂಬತ್ತು ತಿಂಗಳಾಗಿತ್ತಷ್ಟೇ. ಕಣ್ಣಿಗೆ ಇನ್ನೂ ಜೀವವಿತ್ತು. ಆ ಇಪ್ಪತ್ತು ನಿಮಿಷ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅಮ್ಮ ಕಾಯತೊಡಗಿ ಇಪ್ಪತ್ತೆಂಟು ತಿಂಗಳಾದಾಗ ಆ ಆಸ್ಪತ್ರೆಗೆ ಒಬ್ಬರು ಹೊಸ ಡಾಕ್ಟರಮ್ಮ ಬಂದರು. ಸಣ್ಣ ವಯಸ್ಸು, ಮಾತು ಕಡಿಮೆ, ಕೈಯಲ್ಲಿ ಯಾವಾಗಲೂ ಒಂದು ನೋಟುಬುಕ್ಕು. ಹಳೆಯ ಶಸ್ತ್ರಚಿಕಿತ್ಸೆಗಳ ಪುಸ್ತಕ ತಿರುವಿ ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಎರಡೂವರೆ ವರ್ಷದಲ್ಲಿ ಒಂದೇ ಕಣ್ಣಿನ ರೋಗಿ ಒಬ್ಬರೂ ಮೇಜಿನ ಮೇಲೆ ಮಲಗಿಲ್ಲ. ಅವರು ಮೂರನೇ ಮಹಡಿ ಹತ್ತಿ ಬಂದರು. ಅಲ್ಲಿ ನಡೆದದ್ದನ್ನು ನನಗೆ ಆಮೇಲೆ ಅವರೇ ಹೇಳಿದರು.

“ಪಟ್ಟಿ ಸರಿಯಾಗೇ ಇದೆ ಡಾಕ್ಟ್ರೇ. ಇಷ್ಟು ವರ್ಷ ಒಂದು ದೂರು ಬಂದಿಲ್ಲ” ಎಂದನಂತೆ ಮಾವ.

“ಇರಬಹುದು. ಒಂದೇ ಕಣ್ಣಿನ ಒಬ್ಬರದ್ದು ತೆಗೆದು ತೋರಿಸಿ. ನನಗೆ ಹೆಸರು ಬೇಡ.”

ವೈದ್ಯರು ಕೇಳಿದರೆ ತೋರಿಸಬಹುದು ಎಂದು ನಿಯಮವಿತ್ತು. ಮಾವ ಒಂದೇ ಕಣ್ಣಿನ ಯಾರೋ ಒಬ್ಬರ ಸಾಲನ್ನು ತೆರೆದ. ಮೂಲ ಅಂಕ ನಲವತ್ತನಾಲ್ಕು. ಡಾಕ್ಟರಮ್ಮನಿಗೆ ಅದು ಬರೀ ಒಂದು ಅಂಕಿ. ಮಾವನಂಥವನಿಗೆ ಬಿಡಿಸಿ ಹೇಳುವವರು ಬೇಕಿರಲಿಲ್ಲ. ಮುನ್ನೂರು ಇರಬೇಕಾದ ಕಡೆ ನಲವತ್ತನಾಲ್ಕು ಕಂಡರೆ ಡಬ್ಬಿ ಚಿಕ್ಕದಾಯಿತೆಂದು ಆ ಕಸುಬಿನವರಿಗೆ ನೋಡಿದ ತಕ್ಷಣ ಹೊಳೆಯುತ್ತದೆ. ಅವನು “ತಪ್ಪು ನನ್ನದು” ಎಂದು, ಅವರ ಎದುರಿಗೇ ಆ ಸಾಲಿನಲ್ಲಿ ಡಬ್ಬಿಯ ಅಳತೆ ಬದಲಾಯಿಸಿದ. ಒಂದು ನಿಮಿಷದ ಕೆಲಸ. ಹೊಸ ಪಟ್ಟಿ ಅಚ್ಚಾಗಿ ಬಂತು. ಮೇಲಿನ ಹತ್ತರಲ್ಲಿ ಒಂಬತ್ತು ಜನ ಒಂದೇ ಕಣ್ಣಿನವರು. ಮೊದಲ ಸಂಖ್ಯೆ ಯಾರದೆಂದು ತಿಳಿಯಲು ಮಾವ ಹೆಸರು ತೆರೆದು ನೋಡಬೇಕಾಗಿರಲಿಲ್ಲ. ನೋಂದಣಿಯ ದಿನ ಅಕ್ಕನ ಚೀಟಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದವನು ಅವನೇ.

ಎಂಟು ದಿನಕ್ಕೆ ನಮಗೆ ಕರೆ ಬಂತು. ಅಮ್ಮ ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿಸಿಕೊಂಡು, ಯಂತ್ರಕ್ಕೆ ಎಣ್ಣೆ ಬಿಡಲು ನನಗೆ ಹೇಳಿ ಹೊರಟಳು. ಡಾಕ್ಟರಮ್ಮ ಕಣ್ಣಿಗೆ ಟಾರ್ಚು ಹಿಡಿದರು, ಸ್ಕ್ಯಾನ್ ಮಾಡಿಸಿದರು, ಮತ್ತೆ ಟಾರ್ಚು ಹಿಡಿದರು. “ಬೆಳಕು ಯಾವ ಕಡೆಯಿಂದ ಬರ್ತಿದೆ ಅಮ್ಮಾ?” ಎಂದು ಕೇಳಿದರು. ಅಮ್ಮ ತಪ್ಪು ಕಡೆಗೆ ಕೈ ತೋರಿಸಿದಳು. ಕಣ್ಣಿನೊಳಗಿನ ಒತ್ತಡ ತಿಂಗಳುಗಟ್ಟಲೆ ಸದ್ದಿಲ್ಲದೆ ಏರಿತ್ತು. ಮುಂದಿನ ಬಿಳಿಯ ಕಲೆಯಿಂದಾಗಿ ಒಳಗೆ ಏನಾಗುತ್ತಿದೆ ಎಂದು ಯಾರಿಗೂ ಕಂಡಿರಲಿಲ್ಲ. ಹಿಂದಿನ ನರ ಸತ್ತುಹೋಗಿತ್ತು. ಇನ್ನು ಎಂಥ ಹೊಸ ಕಾರ್ನಿಯಾ ಕೂರಿಸಿದರೂ ಪ್ರಯೋಜನವಿಲ್ಲ. ಒಂದು ವರ್ಷದ ಹಿಂದೆ ಬಂದಿದ್ದರೆ ಎಂದು ಡಾಕ್ಟರಮ್ಮ ಮಾತು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ಅಮ್ಮನಿಗಾಗಿ ತಂದಿದ್ದ ಕಣ್ಣು ಪಟ್ಟಿಯ ಎರಡನೆಯವರಿಗೆ ಹೋಯಿತು.

ಮಾರನೆಯ ದಿನ ಬೆಳಿಗ್ಗೆ ಮಾವ ಬಂದ. ಭಾನುವಾರವಲ್ಲದ ದಿನ ಅವನು ಬಂದದ್ದೇ ಇಲ್ಲ. ಬೆಂಚಿನ ತುದಿಯಲ್ಲಿ, ಅರ್ಧ ಜಾಗ ಕೂಡ ಆಕ್ರಮಿಸದೆ ಕೂತ. ಅಮ್ಮ ಹೊಲಿಗೆ ಯಂತ್ರದ ಮುಂದೆ, ಚಕ್ರದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅವನು ಎಲ್ಲವನ್ನೂ ಹೇಳಿದ. ಚೀಟಿ, ಚಹಾ, ಎರಡು ಹೋಗಿ ಮೂರು, ಮುನ್ನೂರು ಹಿಡಿಸದ ಡಬ್ಬಿ. ಏನನ್ನೂ ಮುಚ್ಚಿಡಲಿಲ್ಲ. ಯಾವ ನೆಪವನ್ನೂ ಹೇಳಲಿಲ್ಲ. ಅಷ್ಟರಮಟ್ಟಿಗೆ ಅವನಿಗೆ ಸಲ್ಲಬೇಕಾದ್ದು ಸಲ್ಲಲಿ.

ಅಮ್ಮ ಚಕ್ರದಿಂದ ಕೈ ತೆಗೆದಳು. ಆಮೇಲೆ ಕೇಳಿದಳು.

“ನಾನು ನೋಡು ಅಂದಾಗ ನೋಡಿದ್ರೆ ಗೊತ್ತಾಗ್ತಿತ್ತಾ?”

“ಗೊತ್ತಾಗ್ತಿತ್ತು ಅಕ್ಕಾ.”

“ಎಷ್ಟು ಹೊತ್ತು ಬೇಕಾಗ್ತಿತ್ತು?”

“ಒಂದು ನಿಮಿಷ.”

“ಮೊದಲನೇ ಸಲ ಕೇಳಿದಾಗಲೇ ನೋಡಿದ್ರೆ?”

ಮಾವ ಬೆಂಚಿನ ಮೇಲೆ ಇನ್ನಷ್ಟು ತುದಿಗೆ ಸರಿದ.

“ತಪ್ಪು ಎಲ್ಲರಿಗೂ ಆಗುತ್ತೆ ಕಣೋ. ನಾನೂ ತೋಳನ್ನ ತಿರುಗಾಮುರುಗಾ ಕೂರಿಸಿ ಕೊಟ್ಟಿದ್ದೀನಿ. ಅದಕ್ಕೆ ನಾನು ಏನೂ ಅನ್ನಲ್ಲ. ಆದ್ರೆ ತಗೊಂಡು ಹೋದವರು ವಾಪಸು ತಂದು ಇದು ಸರಿ ಇಲ್ಲ, ನೋಡಿ ಅಂದ್ರೆ, ನನ್ನ ಹೊಲಿಗೆ ತಪ್ಪಾಗಲ್ಲ ಅಂತ ಬಿಚ್ಚಿ ನೋಡದೇ ವಾಪಸು ಕಳಿಸಿಲ್ಲ.” ಅವಳ ದನಿ ಏರಲಿಲ್ಲ. “ನೀನು ಪಟ್ಟಿ ಕಾಯ್ತಿರಲಿಲ್ಲ. ನಿನ್ನ ಹೆಸರು ಕಾಯ್ತಿದ್ದೆ. ಎದ್ದು ಹೋಗು ಈಗ.”

ಅವನು ಎದ್ದು ಹೋದ. ನಾನು ತಡೆಯಲಿಲ್ಲ. ಬೀದಿಯ ತಿರುವಿನವರೆಗೆ ಅವನ ಬೆನ್ನು ಕಾಣುತ್ತಿತ್ತು, ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಒಳಗೆ ಅಮ್ಮ ನನ್ನ ಹತ್ತಿರ ನೀರು ಕೇಳಿದಳು.

ಆಮೇಲಿನ ದಿನಗಳಲ್ಲಿ ಮಾವ ಉಳಿದ ಎಂಟು ಮನೆಗಳಿಗೂ ಹೋದ. ಪತ್ರ ಬರೆದರೆ ಸಾಕು ಎಂದು ಆಸ್ಪತ್ರೆಯವರು ಹೇಳಿದರೂ ಕೇಳಲಿಲ್ಲ. ಎಂಟರಲ್ಲಿ ಆರು ಜನರಿಗೆ ಕಣ್ಣು ಬಂತು, ಇಬ್ಬರಿಗೆ ಅಮ್ಮನ ಹಾಗೆಯೇ ಕಾಲ ಮೀರಿತ್ತು. ಆ ಇಬ್ಬರಲ್ಲಿ ಒಬ್ಬ ಗಾರೆ ಕೆಲಸದವನು. ಅವನ ಹೆಂಡತಿ ಮಾವನ ಕೊರಳಪಟ್ಟಿ ಹಿಡಿದು ಜಗ್ಗಿ, ಕೊನೆಗೆ ಅವನ ಎದೆಗೇ ತಲೆಯಿಟ್ಟು ಅತ್ತಳಂತೆ. ಮಾವ ಕೆಲಸ ಬಿಡುತ್ತೇನೆಂದು ಬರೆದುಕೊಟ್ಟ. ಆಸ್ಪತ್ರೆಯವರು ಒಂದು ಎಚ್ಚರಿಕೆಯ ಪತ್ರ ಕೊಟ್ಟು, ಇಷ್ಟು ವರ್ಷದ ಸೇವೆ ಎಂದು ಹೇಳಿ ಅವನನ್ನು ಉಳಿಸಿಕೊಂಡರು. ಡಾಕ್ಟರಮ್ಮ ಮಾತ್ರ ಒಂದು ಪಟ್ಟು ಹಿಡಿದರು. ಇನ್ನು ಮುಂದೆ ಪಟ್ಟಿಯಲ್ಲಿರುವ ಯಾರು ಬಂದು ಕೇಳಿದರೂ ಅವರ ಅಂಕವೆಷ್ಟು, ಎಷ್ಟನೆಯವರು ಎಂದು ತೆರೆದು ತೋರಿಸಬೇಕು. ಅದಕ್ಕಾಗಿ ಕೆಳಗಿನ ಮಹಡಿಯಲ್ಲಿ, ಔಷಧಿ ಕೌಂಟರಿನ ಪಕ್ಕ ಒಂದು ಕಿಟಕಿ ತೆರೆದರು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ. ಆ ಕಿಟಕಿಯಲ್ಲಿ ಮಾವನನ್ನೇ ಕೂರಿಸಿದರು.

ನಮ್ಮ ಮನೆಗೆ ಅವನು ಭಾನುವಾರ ಬರುವುದನ್ನು ತಪ್ಪಿಸಲಿಲ್ಲ. ಮಧ್ಯಾಹ್ನ ಬಂದು ಬೆಂಚಿನ ಮೇಲೆ ಕೂರುತ್ತಿದ್ದ. ಅಮ್ಮ ಅವನಿಗೆ ಬಡಿಸು ಎಂದು ನನಗೆ ಹೇಳುತ್ತಿದ್ದಳು, ಅವನ ಹತ್ತಿರ ಮಾತಾಡುತ್ತಿರಲಿಲ್ಲ. ಅವನು ಉಂಡು, ತಟ್ಟೆ ತೊಳೆದಿಟ್ಟು, “ಬರ್ತೀನಿ ಅಕ್ಕಾ” ಎಂದು ಹೇಳಿ ಹೋಗುತ್ತಿದ್ದ. ನಾಲ್ಕು ತಿಂಗಳು ಹೀಗೇ ನಡೆಯಿತು. ಇಬ್ಬರನ್ನೂ ನೋಡಿ ನನಗೆ ಸಿಟ್ಟೂ ಬರುತ್ತಿತ್ತು, ಮರುಕವೂ ಆಗುತ್ತಿತ್ತು. ನನ್ನ ಬಾಯಿಯಾದರೂ ಯಾಕೆ ಸುಮ್ಮನಿತ್ತೋ ತಿಳಿಯದು. ಬಹುಶಃ ಆ ಬಾಗಿಲ ಮುಂದಿನ ಇಪ್ಪತ್ತು ನಿಮಿಷವನ್ನು ನಾನೂ ಯಾರಿಗೂ ಹೇಳಿರಲಿಲ್ಲವಲ್ಲ, ಅದಕ್ಕೇ ಇರಬೇಕು.

ಐದನೇ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಅಮ್ಮ ಒಮ್ಮೆಲೇ ಅಂದಳು, “ಆ ಕಿಟಕಿ ಅಂತಾರಲ್ಲ, ಅಲ್ಲಿಗೆ ಕರ್ಕೊಂಡು ಹೋಗು.”

“ಅಲ್ಲಿ ಏನಿದೆ ಅಮ್ಮಾ ಈಗ?”

“ಕರ್ಕೊಂಡು ಹೋಗು ಅಂದ್ನಲ್ಲ.”

ನಾವು ಹೋದಾಗ ಕಿಟಕಿಯ ಮುಂದೆ ಹನ್ನೊಂದು ಜನ ನಿಂತಿದ್ದರು. ಗೊತ್ತಿದ್ದ ನರ್ಸೊಬ್ಬಳು ಬಂದು, ಮುಂದೆ ಕರೆದುಕೊಂಡು ಹೋಗುತ್ತೇನೆ ಎಂದಳು. ಅಮ್ಮ ಬೇಡ ಎಂದಳು. ನನ್ನ ಭುಜ ಹಿಡಿದುಕೊಂಡು ಮುಕ್ಕಾಲು ಗಂಟೆ ನಿಂತಳು. ಸಾಲು ಒಂದೊಂದು ಹೆಜ್ಜೆ ಸರಿದಂತೆ ಮಾವನ ದನಿ ಕೇಳತೊಡಗಿತು. “ನೂರ ತೊಂಬತ್ತೇಳು, ಹದಿನಾರನೆಯವರು. ಇಲ್ನೋಡಿ, ನೀವೇ ಓದ್ಕೊಳ್ಳಿ.” “ಎಂಬತ್ತಾರು. ಇನ್ನೂ ದಿನ ಹಿಡಿಯುತ್ತಮ್ಮ, ಸುಳ್ಳು ಹೇಳಲ್ಲ.” ಪ್ರತಿಯೊಬ್ಬರಿಗೂ ಪರದೆಯನ್ನು ಅವರ ಕಡೆ ತಿರುಗಿಸುತ್ತಿದ್ದ.

ನಮ್ಮ ಸರದಿ ಬಂದಾಗ ಅವನು ತಲೆಯೆತ್ತಿದ. ನನ್ನನ್ನು ನೋಡಿದ, ಅಮ್ಮನನ್ನು ನೋಡಿದ. ಅಮ್ಮ ಕಿಟಕಿಯ ಕಟ್ಟೆಯನ್ನು ತಡವಿ ಎರಡೂ ಕೈ ಊರಿಕೊಂಡಳು. ಹಳೆಯ ಚೀಟಿಯನ್ನು ಸೆರಗಿನಿಂದ ತೆಗೆದು ಮುಂದಿಟ್ಟಳು.

“ನನ್ನ ನಂಬರ್ ನೋಡಪ್ಪ ಒಂದು ಸಲ.”

ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು ತೆಗೆದವರ ವಿವರ ಪಟ್ಟಿಯಿಂದ ಹೋಗುತ್ತದೆ, ತೆಗೆದ ದಿನದ ಅಂಕ, ಸ್ಥಾನದೊಡನೆ ಯಂತ್ರದಲ್ಲಿ ಹಾಗೇ ಉಳಿದಿರುತ್ತದೆ. ಅದು ಅವನಿಗೂ ಗೊತ್ತು. ಅವನು ಚೀಟಿ ತೆಗೆದುಕೊಂಡ. ಸಂಖ್ಯೆ ಒತ್ತುವಾಗ ಎರಡು ಸಲ ತಪ್ಪಿದ. ಮೂರನೇ ಸಲಕ್ಕೆ ಸಾಲು ತೆರೆದುಕೊಂಡಿತು. ಅವನು ಪರದೆಯನ್ನು ಅಭ್ಯಾಸಬಲದಿಂದ ನಮ್ಮ ಕಡೆ ತಿರುಗಿಸಿ, ಅವಳಿಗೆ ಕಾಣುವುದಿಲ್ಲವೆಂದು ನೆನಪಾಗಿ ಮತ್ತೆ ತನ್ನ ಕಡೆಗೆ ತಿರುಗಿಸಿಕೊಂಡ.

“ಓದು” ಎಂದಳು ಅಮ್ಮ.

“ಮುನ್ನೂರ ಇಪ್ಪತ್ತೆಂಟು.”

“ಎಷ್ಟನೆಯವಳು?”

“ಮೊದಲನೆಯವಳು, ಅಕ್ಕಾ.”

ಅಮ್ಮ ತಲೆಯಾಡಿಸಿದಳು. “ಇಷ್ಟೇ ಕಣೋ ನಾನು ಕೇಳಿದ್ದು” ಎಂದು ಚೀಟಿಗೆ ಕೈ ಚಾಚಿದಳು. ಮಾವ ಅದನ್ನು ಅವಳ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದ, ಬಿಡಲಿಲ್ಲ. ಹಿಂದೆ ನಿಂತಿದ್ದವರು ಆಯ್ತಾ ಎಂದು ಕೇಳಿದರು. ಅಮ್ಮ ತಾನಾಗಿ ಕೈ ಬಿಡಿಸಿಕೊಂಡಳು, ನಾವು ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟೆವು.